ಒಂಬತ್ತನೆಯ ಆಟ

ನಾರ್ತ್ ಡಕೋಟ, ಅಕ್ಟೋಬರ್ ೩

ನನ್ನ ಮಾರೆನ್‌ಗೆ ಅಜ್ಜಿಯ ಮುತ್ತುಗಳು.

ಅಧ್ಯಕ್ಷರ ಚುನಾವಣೆಯಲ್ಲಿ ಅಭ್ಯರ್ಥಿ ಯಾವ ಊರಿಗೆ ಹೋಗಬೇಕೆಂದು ಗೊತ್ತುಮಾಡುವುದು ನಿನ್ನ ಕೆಲಸ. ಅದಕ್ಕೇ ನಮ್ಮೂರ ಸಂತರ್ಪಣೆಗೆ ಅವರನ್ನು ಕರೆದುಕೊಂಡು ಬಾ ಎಂದೆ. "ಆಗಲ್ಲಜ್ಜಿ, ಒಂದು ದಿನ ದಂಡ" ಎಂದೆ ನೀನು. ನಾನು ಫೋನ್ ಇಟ್ಟುಬಿಟ್ಟೆ. ಆಮೇಲೆ ನೀನು ಕಳಿಸಿದ ಚುನಾವಣಾ ಪ್ರಚಾರದ ಕಂಪ್ಯೂಟರ್ ಆಟವನ್ನು ಎರಡು ವಾರ ಮುಟ್ಟಲಿಲ್ಲ.

ಕೊನೆಗೆ ಕೂತೆ. ಪ್ರತಿ ಸಲವೂ ನನ್ನ ಅಭ್ಯರ್ಥಿಯನ್ನು ಮೊದಲು ಇಲ್ಲಿಗೇ ಕರೆತಂದೆ, ಎಂಟು ಸಲ ಸೋತೆ. ಪಕ್ಕದ ಮನೆಯ ಆರ್ಲೆನ್ ಹಿಂದೆ ನಿಂತು ನಕ್ಕ. "ಅಮ್ಮಾ ತಾಯಿ, ಮೂರು ಅಂಕದ ರಾಜ್ಯಕ್ಕೆ ಎಷ್ಟು ಸಲ ಕರ್ಕೊಂಡ್ ಬರ್ತೀರಿ? ಪೆನ್ಸಿಲ್ವೇನಿಯಾಗೆ ಓಡ್ಸಿ, ಅಲ್ಲಿ ಗೆದ್ರೆ ಅಂಕ ಜಾಸ್ತಿ!"

ಒಂಬತ್ತನೆಯ ಸಲ ಓಡಿಸಿದೆ. ನಮ್ಮ ರಾಜ್ಯದ ಮೇಲೆ ಬೆರಳೇ ಇಡಲಿಲ್ಲ. ಗೆದ್ದೆ. ಪರದೆಯ ತುಂಬ ಬಲೂನು ಹಾರಿದವು. ನನಗೆ ಮಾತ್ರ ಯಾಕೋ ಸುಸ್ತಾಗಿ, ಮಧ್ಯಾಹ್ನವೇ ಹೋಗಿ ಮಲಗಿಕೊಂಡೆ.

ನಲವತ್ತು ವರ್ಷದಿಂದ ನಮ್ಮ ಸಂತರ್ಪಣೆಯ ಊಟಕ್ಕೆ ಕುರ್ಚಿ ಹಾಕುವವಳು ನಾನೇ. ಯಾವ ಅಭ್ಯರ್ಥಿಯಾದರೂ ಬಂದರೆ ಕೂರಲಿ ಎಂದು ಮುಂದಿನ ಸಾಲಿನಲ್ಲಿ ಒಂದನ್ನು ಖಾಲಿ ಬಿಡುತ್ತಿದ್ದೆ. ಇನ್ನು ಯಾರನ್ನೂ ಕೇಳುವುದಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಅಭ್ಯರ್ಥಿಯನ್ನು ಇಲ್ಲಿಗೆ ಕಳಿಸುತ್ತಿರಲಿಲ್ಲ.

ಊಟ ಹದಿನೆಂಟನೇ ತಾರೀಖು. ನೀನು ಬಂದರೆ ಒಂದು ದಿನ ದಂಡವಾಗುತ್ತದೆ ಎಂದು ಬಲ್ಲೆ. ಆದರೂ ಬಾ. ಈ ಸಲ ಆ ಕುರ್ಚಿ ನಿನ್ನದು. ದಪ್ಪ ಕೋಟು ತರಲು ಮರೆಯಬೇಡ, ಇಲ್ಲಿ ಆಗಲೇ ಚಳಿ ಬಿದ್ದಿದೆ.

ನಿನ್ನ ಅಜ್ಜಿ,
ಸಾಲ್ವೇಗ್