ಕಿಟಕಿಯಾಚೆಯ ಪಾರಿವಾಳ

ಮಗನೇ,

ಈ ಚೀಟಿಯನ್ನು ನಿನ್ನ ಬುತ್ತಿಯ ಜೊತೆ ಇಡಲು ಸೊಸೆಗೆ ಹೇಳಿದ್ದೇನೆ. ಊಟ ಮುಗಿಸಿಯೇ ಓದು, ವಿಷಯ ಅಂಥದ್ದು. ಎದುರಿಗೆ ಹೇಳಲು ಬಾಯಿ ಬರಲಿಲ್ಲ. ಲಕ್ವ ಹೊಡೆದ ಬಲಗೈ ಬಿಟ್ಟು ಎಡಗೈಯಲ್ಲಿ ಬರೆದಿದ್ದೇನೆ; ಕಾಗೆ ಕಾಲು, ಗುಬ್ಬಿ ಕಾಲು ಎಂದು ನಗಬೇಡ.

ನೀನು ಹಾಕಿಸಿದ, ತಾನಾಗಿಯೇ ತೊಳೆಯುವ ಕಮೋಡ್ ಚೆನ್ನಾಗಿದೆ. ಮೊದಲ ದಿನ ಎದ್ದು ನಿಂತ ಮೇಲೆ ಗುಂಡಿ ಒತ್ತಿ ಗೋಡೆಗೆಲ್ಲ ಸ್ನಾನ ಮಾಡಿಸಿದೆ. ಈಗ ಕೂತೇ ಒತ್ತುತ್ತೇನೆ. ಬೆಚ್ಚಗಿನ ನೀರು ಬರುತ್ತದೆ. ಕಣ್ಣು ಮುಚ್ಚಿದರೆ ಸೊಂಟದ ತನಕ ಹೊಳೆಗಿಳಿದು, ಭಾರವೆಲ್ಲ ಕಳೆದು ತೇಲಿದ ಹಾಗೆ. ಆಮೇಲೆ ಬಿಸಿಗಾಳಿ, ಯಾರ ಕೈಯೂ ಬೇಡ.

ಇಡೀ ವರ್ಷ ನೀನು ನನ್ನನ್ನು ತೊಳೆದೆ. ಒಮ್ಮೆಯೂ ನನ್ನ ಮುಖ ನೋಡಲಿಲ್ಲ. ಕಿಟಕಿ ಕಡೆ ತಿರುಗಿ, “ಅಪ್ಪಾ, ಪಾರಿವಾಳ ಇವತ್ತು ಇನ್ನೊಂದು ಕಡ್ಡಿ ತಂತು” ಅಂತಿದ್ದೆ. ಈ ಕಮೋಡ್ ಬರುವ ಹಿಂದಿನ ದಿನ, “ಎರಡು ಮೊಟ್ಟೆ ಇಟ್ಟಿದೆ” ಅಂದೆ. ನಾನು ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡೇ “ಹೌದಾ?” ಅಂತಿದ್ದೆ.

ಮೊನ್ನೆ ಕಮೋಡ್ ಮೇಲೆ ಒಬ್ಬನೇ ಕೂತಿದ್ದಾಗ ಕಣ್ಣು ತೆರೆದು ಆ ಕಿಟಕಿ ನೋಡಿದೆ. ಮಬ್ಬು ಗಾಜು. ಆಚೆಯದು ಏನೂ ಕಾಣುವುದಿಲ್ಲ.

ಸಂಜೆ ಸ್ವಲ್ಪ ಬೇಗ ಬಾ. ನನ್ನ ಎದುರಿಗೆ ಕೂತು, ಮುಖ ನೋಡಿಕೊಂಡು ಹೇಳು: ಮರಿ ಆದವಾ?

ನಿನ್ನ
ಅಪ್ಪ