ಕಸವಿಲ್ಲದ ಅಂಗಡಿಗೆ ಕಸದ ಚೀಟಿ ಎಲ್ಲಿಂದ ತರೋಣ?

ತ್ಯಾಜ್ಯ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ಸೋದರತ್ತೆಯ ಹೊಲಿಗೆ ಅಂಗಡಿಯಲ್ಲಿ ಕಸ ಹುಟ್ಟುತ್ತಿಲ್ಲ. ಈ ಅಪರಾಧಕ್ಕಾಗಿ ನಿಮ್ಮ ಕಚೇರಿ ಅಂಗಡಿಯ ಪರವಾನಗಿಯ ನವೀಕರಣವನ್ನು ತಡೆಹಿಡಿದಿದೆ. ತಪ್ಪೊಪ್ಪಿಗೆಯನ್ನು ಮೊದಲೇ ಬರೆದುಬಿಡುತ್ತೇನೆ: ಅತ್ತೆಯನ್ನು ಈ ದಾರಿಗೆ ಎಳೆದವಳು ನಾನು. ನನ್ನನ್ನು ಎಳೆದದ್ದು ನೀವೇ ಹಂಚಿದ ಕರಪತ್ರ.

ಮನೆಗಳೂ ಅಂಗಡಿಗಳೂ ಕಸವನ್ನು ಸೊನ್ನೆಗೆ ಇಳಿಸಬೇಕು ಎಂದು ಸಾರುವ ಆ ನಾಲ್ಕು ಪುಟಗಳನ್ನು ನಿಮ್ಮ ಕಚೇರಿಯಲ್ಲಿ ಎಷ್ಟು ಜನ ಓದಿದ್ದಾರೋ ತಿಳಿಯದು. ನಾನು ಓದಿದೆ, ಅಂಚಿನಲ್ಲಿ ಗೆರೆ ಎಳೆದು ಓದಿದೆ. ಅತ್ತೆಗೂ ಓದಿ ಹೇಳಿದೆ. ಆಗ ಅವರು ವಾರಕ್ಕೆ ಎರಡು ಚೀಲ ಚಿಂದಿಯನ್ನು ಬೀದಿಗೆ ಇಡುತ್ತಿದ್ದರು. "ಮೂವತ್ತು ವರ್ಷದಿಂದ ಕತ್ತರಿ ಹಿಡಿದೋಳಿಗೆ ನೀನು ಕತ್ತರಿಸೋದು ಹೇಳ್ಕೊಡ್ತೀಯೇನೆ?" ಎಂದು ಬೈದರು. ಬೈದವರೇ ಮರುದಿನ ಕಾಗದದ ಅಚ್ಚುಗಳನ್ನು ನೆಲದ ಮೇಲೆ ಹರಡಿ, ತೋಳಿನ ಪಕ್ಕ ಕಾಲರು, ಕಾಲರಿನ ಸಂದಿಯಲ್ಲಿ ಜೇಬು ಎಂದು ಜೋಡಿಸುತ್ತ ಕೂತರು. ಉಳಿದ ಪಟ್ಟಿಗಳು ಕಾಲೊರಸುಗಳಾದವು, ಅದಕ್ಕೂ ಬಾರದ ಚೂರು ದಿಂಬಿನ ಹೊಟ್ಟೆ ಸೇರಿತು. ಒಂದು ವರ್ಷ ಕಳೆಯುವುದರೊಳಗೆ ಅಂಗಡಿಯ ಕಸದ ಬುಟ್ಟಿ ಗುಂಡಿ ಇಡುವ ಡಬ್ಬಿಯಾಗಿತ್ತು.

ಹುಚ್ಚು ಬೀದಿಗೂ ಹಬ್ಬಿತು. ಪಕ್ಕದ ಬೇಕರಿಯಣ್ಣ ಗಿರಾಕಿಗಳು ತಂದ ಡಬ್ಬಿಗೇ ಬನ್ನು ಹಾಕತೊಡಗಿದರು. ಎದುರಿನ ಮೊಳೆ ಅಂಗಡಿಯವರು ಪ್ಲಾಸ್ಟಿಕ್ ಪೊಟ್ಟಣ ಬಿಟ್ಟು ಮೊಳೆಗಳನ್ನು ಹಳೆಯ ಪತ್ರಿಕೆಯಲ್ಲಿ ಕಟ್ಟಿಕೊಟ್ಟರು. ಮೇಲಿನ ಮನೆಯ ಮೂವರು ಸೊಸೆಯಂದಿರು ಯಾರ ಕಸ ಕಡಿಮೆ ಎಂದು ಪಂದ್ಯ ಕಟ್ಟಿದರು. "ಈ ಬೀದಿಗೆ ರೋಗ ಹಚ್ಚಿದೋಳು ಇವಳೇ" ಎಂದು ಬೇಕರಿಯಣ್ಣ ಬಂದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದರು. ನನಗೆ ಎಷ್ಟು ಹೆಮ್ಮೆಯಾಗುತ್ತಿತ್ತು ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ.

ಏಕೆಂದರೆ ಪರವಾನಗಿ ನವೀಕರಿಸಲು ಹೋದಾಗ ನಿಮ್ಮ ಗುಮಾಸ್ತರು ಕೇಳಿದ್ದು ಒಂದೇ: ಕಸ ಒಪ್ಪಿಸಿದ ಚೀಟಿ. ಕಸವೇ ಇಲ್ಲ ಎಂದೆವು.

"ಇಲ್ಲ ಅಂದ್ರೆ ಎಲ್ಲೋ ಕದ್ದು ಸುರೀತಿದೀರ ಅಂತ ಅರ್ಥ."

"ಬಂದು ಅಂಗಡಿ ನೋಡಿ ಸ್ವಾಮಿ."

"ನೋಡಿ ಏನಮ್ಮ ಬರೀಲಿ? ಇಲ್ಲಿ ಸೊನ್ನೆ ಹಾಕಿದ್ರೆ ಕಂಪ್ಯೂಟರ್ ಮುಂದಕ್ಕೇ ಹೋಗಲ್ಲ. ಮೂರು ತಿಂಗಳು ಟೈಮ್ ಕೊಡ್ತೀನಿ, ತಿಂಗಳಿಗೊಂದು ಚೀಟಿ ತನ್ನಿ. ಆಮೇಲೆ ನನ್ನ ಕೈಲಿಲ್ಲ."

ಗುಮಾಸ್ತರು ಕೆಟ್ಟವರಲ್ಲ. ಅತ್ತೆಗೆ ಕುರ್ಚಿ ಕೊಟ್ಟು ಕೂರಿಸಿಯೇ ಮಾತಾಡಿದರು. ಆದರೆ ಮಾನ್ಯರೇ, ಇದ್ದ ವಸ್ತುವಿಗೆ ಸಾಕ್ಷಿ ತರಬಹುದು, ಇಲ್ಲದ ಕಸವನ್ನು ಯಾವ ಚೀಲದಲ್ಲಿ ತುಂಬಿ ತಂದು ನಿಮ್ಮ ಮೇಜಿನ ಮೇಲಿಡುವುದು? ಕರಪತ್ರ ಅಚ್ಚು ಹಾಕಿಸಿದ ಕೋಣೆಗೂ ಅರ್ಜಿ ನಮೂನೆ ಮಾಡಿಸಿದ ಕೋಣೆಗೂ ನಡುವೆ ಒಂದೇ ಗೋಡೆಯಂತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬುದನ್ನು ಒಂದೇ ಸೂರಿನಡಿ ಸಾಧಿಸಿದ್ದಕ್ಕೆ ನಿಮ್ಮನ್ನು ಅಭಿನಂದಿಸಬೇಕೋ ಏನೋ.

ಬೇಕರಿಯಣ್ಣ ಮರುಗಿ ತಮ್ಮದೊಂದು ಚೀಲ ತಂದುಕೊಟ್ಟರು. ಕಸದ ಗಾಡಿಯ ಅಕ್ಕ ಅದನ್ನು ಬಿಚ್ಚಿ ನೋಡಿ ನಕ್ಕಳು. "ಹೊಲಿಗೆ ಅಂಗಡೀಲಿ ಮೊಟ್ಟೆ ಚಿಪ್ಪಾ? ಅಂಗಿಗೆ ಗುಂಡಿ ಮಾಡ್ತೀರಾ ಇದ್ರಲ್ಲಿ?" ಆಮೇಲೆ ದನಿ ತಗ್ಗಿಸಿ, "ಸುಳ್ಳು ಬರೆದ್ರೆ ನನ್ನ ಕೆಲ್ಸ ಹೋಗತ್ತಮ್ಮ. ಒಂದು ಕಿಲೋ ಬಟ್ಟೆ ಚೂರು ಹಾಕಿ, ಗಾಡಿ ತೂಕದ ಮೆಷಿನ್ನೇ ಚೀಟಿ ಬಿಡತ್ತೆ. ಅದಕ್ಕಿಂತ ಕಮ್ಮಿ ಇದ್ರೆ ಬಿಡಲ್ಲ" ಎಂದಳು. ಮನೆಯ ಹಳೆ ಬಟ್ಟೆ ಕೊಡೋಣವೆಂದರೆ ಅದು ಮನೆ ಕಸದ ಲೆಕ್ಕಕ್ಕೆ ಹೋಗುತ್ತದಂತೆ. ಅಂಗಡಿಯ ಕಸವೆಂದರೆ ಕತ್ತರಿಸಿ ಉಳಿದ ಹೊಸ ಬಟ್ಟೆಯ ತುಂಡೇ ಆಗಬೇಕಂತೆ.

ಕಳೆದ ಸೋಮವಾರ ಬೆಳಿಗ್ಗೆ ಅತ್ತೆ ಶಾಲಾ ಸಮವಸ್ತ್ರಕ್ಕೆಂದು ತಂದಿದ್ದ ದಪ್ಪ ನೀಲಿ ಬಟ್ಟೆಯಲ್ಲಿ ನಾಲ್ಕು ಮೀಟರ್ ಅಳೆದು ಮೇಜಿನ ಮೇಲೆ ಹಾಸಿದರು. ನಾನು ಬೇಡವೆಂದೆ. ಪತ್ರ ಬರೆಯೋಣ, ಪ್ರತಿಭಟಿಸೋಣ, ಬೀದಿಯವರನ್ನೆಲ್ಲ ಸೇರಿಸೋಣ ಎಂದೆ. "ಬರಿ, ಯಾರು ಬೇಡ ಅಂದ್ರು? ಅಲ್ಲೀವರ್ಗೂ ಅಂಗಡಿ ಬಾಗಿಲು ತೆಗೀಬೇಕಲ್ಲ" ಎಂದರು. ಕತ್ತರಿ ಹಾಕಿದರು. ಎರಡು ಸಲ ಹಾಕಿ ನಿಲ್ಲಿಸಿದರು. ನೋಡಿದರೆ, ಅವರಿಗೇ ಅರಿವಿಲ್ಲದೆ ಅದು ಒಂದು ತೋಳಿನ ಆಕಾರಕ್ಕೆ ಬಂದಿತ್ತು. "ಕೆಲಸಕ್ಕೆ ಬಾರದ ಹಾಗೆ ಕತ್ತರಿಸೋದು ಇಷ್ಟು ಕಷ್ಟ ಅಂತ ಗೊತ್ತಿರ್ಲಿಲ್ಲ ಕಣೆ" ಎಂದು, ಆ ತೋಳನ್ನು ಮತ್ತೆ ನಾಲ್ಕು ತುಂಡು ಮಾಡಿ, ಉಳಿದ ಬಟ್ಟೆಯನ್ನೂ ಚೂರುಚೂರು ಮಾಡಿದರು. ಗಾಡಿಯ ತಕ್ಕಡಿಯಲ್ಲಿ ಕಿಲೋಗೆ ಐವತ್ತು ಗ್ರಾಂ ಕಡಿಮೆ ಬಂತು. ಅತ್ತೆ ಒಳಗೆ ಹೋಗಿ ಇನ್ನೊಂದು ಚೂರು ಕತ್ತರಿಸಿ ತಂದರು. ಚೀಟಿ ಬಂತು. ನಿಮ್ಮ ಗುಮಾಸ್ತರು ಅದಕ್ಕೆ ಮೊಹರು ಒತ್ತಿ, "ನೋಡಿದ್ರಾ, ಮನಸ್ಸು ಮಾಡಿದ್ರೆ ಆಗತ್ತೆ" ಎಂದರು.

ಇನ್ನೂ ಎರಡು ಚೀಟಿ ಬೇಕು. ಈ ಬೀದಿಯ ಉಳಿದ ಅಂಗಡಿಗಳ ನವೀಕರಣವೂ ಹತ್ತಿರ ಬಂದಿದೆ. ಮೊಳೆ ಅಂಗಡಿಯವರು ಈಗಾಗಲೇ ಪ್ಲಾಸ್ಟಿಕ್ ಪೊಟ್ಟಣಕ್ಕೆ ಮರಳಿದ್ದಾರೆ. ನಾನು ಕೇಳಿದ್ದಕ್ಕೆ, "ನಿನ್ನ ಮಾತು ಕೇಳಿದ್ದಕ್ಕೆ ನಿಮ್ಮತ್ತೆಗೇನಾಯ್ತು ನೋಡಿದ್ನಲ್ಲ ತಾಯಿ" ಎಂದರು.

ನಾವು ಬಹುಮಾನ ಕೇಳುತ್ತಿಲ್ಲ. ನಿಮ್ಮ ಅರ್ಜಿಯಲ್ಲಿ ಸೊನ್ನೆ ಬರೆಯಲು ಅವಕಾಶ ಕೊಡಿ, ಅನುಮಾನವಿದ್ದರೆ ಒಬ್ಬರನ್ನು ಕಳಿಸಿ ನೋಡಿಸಿ, ಅಷ್ಟೆ. ಅದು ನಿಮ್ಮ ಕೈಯಲ್ಲೂ ಇಲ್ಲವೆನ್ನುವುದಾದರೆ, ಬರುವ ತಿಂಗಳ ಮೊದಲ ಸೋಮವಾರ ನೀವೇ ನಮ್ಮ ಅಂಗಡಿಗೆ ಬನ್ನಿ. ಕತ್ತರಿ ನಾನು ಕೊಡುತ್ತೇನೆ. ಯಾವ ಬಟ್ಟೆಯನ್ನು ಹಾಳು ಮಾಡಬೇಕು ಎಂಬುದನ್ನು ನೀವೇ ಆರಿಸಿಕೊಡಿ. ಅತ್ತೆಯಿಂದ ಅದು ಆಗುತ್ತಿಲ್ಲ.

ಇಂತಿ,
ಹೊಲಿಗೆ ಅಂಗಡಿಯವರ ಸೋದರ ಸೊಸೆ,
ಸದ್ಯಕ್ಕೆ ಕಸ ತಯಾರಿಕೆಯ ಉಸ್ತುವಾರಿ