ಅರಿಶಿಣದ ನೀರು, ತುಳಜಾಬಾಯಿಯ ಕೈ

ನಿಜಾಮರ ಫಸಲಿ 1327, ಬಹಮನ್ ತಿಂಗಳು 3. ಕಮಲಾಪುರ.

ಹುಡುಗರಿಗೆ ಇವತ್ತೂ ಆಕಳಿಕೆ. ಮೊನ್ನೆ ಗಂಧಕ ತೋರಿಸಿ, ಇದರಲ್ಲಿ ಗಂಧ ಕಮ್ಮಿ ಎಂದಾಗ ಮೂಗು ಮುಚ್ಚಿ ನಕ್ಕವರು ಇವರೇ. ಅದಕ್ಕೇ ಹೊಸ ಆಟ. ಬೆಲ್ಲದ ಡಬ್ಬಿಯ ಹೊರಗೆಲ್ಲ ಸುಣ್ಣದ ಪುಡಿ ಸವರಿ ಇಟ್ಟೆ. ಬೆಲ್ಲ ಮಾಯ. ಎಲ್ಲರ ಕೈ ಅರಿಶಿಣದ ನೀರಿಗೆ — ಇಬ್ಬರ ಬೆರಳು ಕೆಂಪು. ಕಳ್ಳರನ್ನು ನೀರೇ ಹಿಡಿಯಿತು ಎಂದೆ. ಆಮೇಲೆ ಸುಣ್ಣದ ಗುಟ್ಟು ಬಿಚ್ಚಿದೆ. ಶಾಲೆಗೆ ಪಡಸಾಲೆ ಕೊಟ್ಟ ಸಾಹುಕಾರ ಸೂಗಪ್ಪ ಬಾಗಿಲಲ್ಲಿ ನಿಂತು ನೋಡಿದ. ಕೆಂಪು ಕಂಡಿದ್ದೇ ತಡ, ವಾಹ್ವಾ ಎಂದು ಹೊರಟ. ಗುಟ್ಟಿಗೆ ಕಾಯಲಿಲ್ಲ.

ಬಹಮನ್ 9. ಸಂಜೆ.

ಸೂಗಪ್ಪನ ಹೆಂಡತಿ ನೀಲಗಂಗಮ್ಮನ ಬಂಗಾರದ ಬೋರಮಾಳ ಸರ ಕಾಣೆ. ಆಳುಗಳೆಲ್ಲ ಅರಿಶಿಣದ ನೀರಿನಲ್ಲಿ ಕೈ ಅದ್ದಬೇಕಾಯಿತಂತೆ. ಕೆಂಪಾದದ್ದು ಒಬ್ಬಳದೇ — ಬಟ್ಟೆ ಒಗೆಯುವ ತುಳಜಾಬಾಯಿಯದು. ಆಗದೆ ಏನು? ಹಳ್ಳದಿಂದ ನೇರ ಎಳೆತಂದಿದ್ದಾರೆ. ಕ್ಷಾರದ ಸವಳು ಮಣ್ಣು ಹಾಕಿ ಒಗೆಯುವ ಕೈ. ಸವಳೂ ಸುಣ್ಣದ ಜಾತಿಯೇ…

ಓಡಿದೆ. ವಿವರಿಸಿದೆ. ಸೂಗಪ್ಪ ಎಲೆಗೆ ಸುಣ್ಣ ಹಚ್ಚುತ್ತ ನಕ್ಕ. ಅವನ ಬೆರಳನ್ನೇ ಹಿಡಿದು ಅರಿಶಿಣದ ನೀರಿನ ಬಟ್ಟಲಿಗೆ ಅದ್ದಿದೆ. ಕೆಂಪು.

“ಮಾಸ್ತರ್ರ, ನಿಮ್ಮ ಚ್ಯಾಷ್ಟಿ ನನಗ ಗೊತ್ತಿಲ್ಲೇನು? ನೀರಾಗ ಏನೋ ಬೆರಸೀರಿ.”

ಹಿಟ್ಟು ಕಲಸಿದ ನೀರನ್ನು ಮಜ್ಜಿಗೆ ಎಂದು ಇವನಿಗೇ ಕುಡಿಸಿದವನು ನಾನು. ಹೋದ ವರ್ಷ. ಊರೆಲ್ಲ ನಕ್ಕಿತ್ತು.

ಬಹಮನ್ 21.

ಸರ ಸಿಕ್ಕಿತು. ಜೋಳದ ಕಣಜದಲ್ಲಿ. ನಾನೇ ಇಟ್ಟಿದ್ದೆನೇನೋ ಎಂದು ನೀಲಗಂಗಮ್ಮ ಗೊಣಗಿದಳು. ಸೂಗಪ್ಪ ಅವಳ ಬಾಯಿ ಮುಚ್ಚಿಸಿದ — ನೀರಿಗೆ ಅಂಜಿ ತುಳಜಾಬಾಯಿಯೇ ತಂದಿಟ್ಟಿದ್ದಾಳಂತೆ. ಊರೂ ಅದನ್ನೇ ಹೇಳುತ್ತಿದೆ. ತುಳಜಾಬಾಯಿಗೆ ಯಾರೂ ಬಟ್ಟೆ ಕೊಡದೆ ಎಂಟು ದಿನವಾಯಿತು, ಕಲಬುರಗಿಗೆ ಹೋಗಿಬಿಟ್ಟಿದ್ದಾಳೆ.

ಬಹಮನ್ 24. ಕಲಬುರಗಿ, ಶಹಾಬಜಾರ.

ಬಂಡಿಯಲ್ಲಿ ಇಡೀ ದಿನ. ಮೈ ಹಣ್ಣು. ಓಣಿ ಓಣಿ ಕೇಳಿ ಅವಳ ತಂಗಿಯ ಮನೆ ಹಿಡಿದೆ. ತುಳಜಾಬಾಯಿ ಕೂಡ್ರಿ ಎನ್ನಲಿಲ್ಲ. ಸರ ಸಿಕ್ಕಿದ್ದು ಹೇಳಿದೆ. ಸವಳಿನ ಗುಟ್ಟೂ ಹೇಳಿದೆ. ಪೂರಾ ಕೇಳಿದಳು.

“ನನಗ್ಯಾಕ ಹೇಳ್ತೀರಿ? ನಾ ಕದ್ದಿಲ್ಲಂತ ನನಗ ಗೊತ್ತದ. ಅಲ್ಲಿ ಹೇಳ್ರಿ.”

ಹೇಳಿದೆ, ನಕ್ಕರು ಎಂದೆ.

“ನಗಲಾರ್ದಂಗ ಹೇಳೂದು ನಿಮಗ ಬರೂದಿಲ್ಲೇನ್ರಿ?”

ಅರವತ್ತೆಂಟು ವರ್ಷದ ಬಾಯಿ ತೆರೆದೆ. ನಾಲಿಗೆಯ ತುದಿಗೆ ಬಂದದ್ದು ಒಂದು ಕುಚೋದ್ಯ. ನುಂಗಿದೆ. ಇನ್ನೊಂದು ಬಂತು. ಅದನ್ನೂ —